ಯಾವುದೇ ಎರಡು ಎಲೆ

ಹುಲಿಗೆಮ್ಮಳ ಹತ್ತಿರ ಸ್ಮಾರ್ಟ್‌ಫೋನ್ ಇರಲಿಲ್ಲ.

ಇದ್ದದ್ದು ಒಂದು ಬಟನ್ ಫೋನು... ಮತ್ತು ಇನ್ನೂರು ಪುಟದ ಒಂದು ನೋಟ್‌ಬುಕ್ಕು.

ಕೊಪ್ಪಳ ಕಡೆಯವಳು. ಎಂ.ಎಸ್ಸಿ. ಕೊನೆಯ ವರ್ಷ. ನಮ್ಮ ಪೋಕರ್ ಕ್ಲಬ್ಬಿಗೆ ಬರುತ್ತಿದ್ದ ಒಬ್ಬಳೇ ಹುಡುಗಿ.

ಹಣದ ಆಟ ಅಲ್ಲ. ಹುಣಸೆ ಬೀಜ ಇಟ್ಟು ಆಡುತ್ತಿದ್ದೆವು, ಭಾನುವಾರ ಮಧ್ಯಾಹ್ನ, ಲೈಬ್ರರಿಯ ಹಿಂದಿನ ಕೋಣೆಯಲ್ಲಿ. ಕ್ಯಾಪ್ಟನ್ ನಾನು, ಈರಣ್ಣ.

ಮೈಸೂರಿನಲ್ಲಿ ಅಂತರ ಕಾಲೇಜು ಸ್ಪರ್ಧೆ ಇತ್ತು. ತಂಡಕ್ಕೆ ನಾಲ್ಕೇ ಜನ. ಮೂವರು ಆಯ್ಕೆಯಾಗಿದ್ದೆವು... ಉಳಿದದ್ದು ಒಂದು ಜಾಗ.

ಶಾಲೆಯಿಂದ ಇಲ್ಲಿಯವರೆಗೆ ಹುಲಿಗೆಮ್ಮ ಯಾವ ತಂಡದಲ್ಲೂ ಇದ್ದವಳಲ್ಲ. ಆ ಜಾಗ ಅವಳಿಗೆ ಬೇಕಿತ್ತು. ಬೇಕು ಎಂದು ಬಾಯಿಬಿಟ್ಟೇ ಹೇಳಿದ್ದಳು.

ನಮ್ಮಲ್ಲಿ ಒಂದು ಪದ್ಧತಿ. ಆಡಿದ ಆಟಗಳನ್ನು ರಿಜಿಸ್ಟರಿನಲ್ಲಿ ಬರೆಯುವುದು, ಆಮೇಲೆ ಒಂದೊಂದನ್ನೂ ಈಕ್ವಿಟಿ ಕ್ಯಾಲ್ಕುಲೇಟರ್ ಆ್ಯಪ್‌ಗೆ ಹಾಕುವುದು. ನಿಮ್ಮ ಎಲೆಗಳು ಗೆಲ್ಲುವ ಸಾಧ್ಯತೆ ನೂರಕ್ಕೆ ಎಷ್ಟು ಎಂದು ಅದು ಹೇಳುತ್ತದೆ.

ಆ್ಯಪ್ ಒಪ್ಪದಿದ್ದರೆ ಕೆಂಪು ಗುರುತು. ಕೆಂಪು ಬಿದ್ದವರು “ನನ್ನದು ತಪ್ಪು” ಎಂದು ಬರೆದು ಸಹಿ ಹಾಕಬೇಕು. ಹಾಕದಿದ್ದರೆ ತಂಡದಲ್ಲಿ ಜಾಗವಿಲ್ಲ.

ಆ ನಿಯಮ ಮಾಡಿದವನು ನಾನೇ.

ಅಂದು ಹುಲಿಗೆಮ್ಮಳ ಕೈಯಲ್ಲಿ ಎರಡು ಎಕ್ಕ ಇದ್ದವು, ಎರಡೂ ಕಪ್ಪು. ಮೇಜಿನ ಮೇಲೆ ಎಲ್ಲರಿಗೂ ಕಾಣುವ ಐದು ಎಲೆ: ಆಟೀನ್ (ಹಾರ್ಟ್ಸ್) ರಾಜ, ಆಟೀನ್ ಒಂಬತ್ತು, ಆಟೀನ್ ನಾಲ್ಕು, ಇನ್ನೊಂದು ಒಂಬತ್ತು, ಒಂದು ಎರಡು.

ಎದುರಿಗೆ ವಾಮದೇವ. ಮೆಸ್ಸಿನಲ್ಲಿ ಸಾರಿನ ಬಕೆಟ್ಟನ್ನು ಇಣುಕಿ ನೋಡದೆ ತಟ್ಟೆ ಚಾಚದ ಹುಡುಗ. ಕೊನೆಯ ಎಲೆ ಬಿದ್ದ ಮೇಲೆ ಅವನು ತನ್ನ ಬೀಜಗಳನ್ನೆಲ್ಲ ಒಟ್ಟಿಗೆ ಮುಂದೆ ತಳ್ಳಿದ.

ಹುಲಿಗೆಮ್ಮ ಒಂದು ನಿಮಿಷ ಅವನ ಮುಖ ನೋಡಿದಳು... ಎರಡೂ ಎಕ್ಕಗಳನ್ನು ಎಲ್ಲರಿಗೂ ಕಾಣುವಂತೆ ಮೇಜಿನ ಮೇಲಿಟ್ಟು ಆಟ ಬಿಟ್ಟಳು.

ಎಲ್ಲರೂ ನಕ್ಕರು.

“ಎರಡು ಎಕ್ಕ ಬಿಟ್ಟಳಲೇ! ಬಂಗಾರ ತಗೊಂಡ್ ಹೋಗಿ ತಿಪ್ಪಿಗೆ ಚೆಲ್ಲಿದಂಗಾತು!”

ನಾನು ಆ್ಯಪ್ ತೆರೆದೆ. ಎಂಬತ್ತಾರು ಪರ್ಸೆಂಟ್ ಎಂದಿತು. ಕೆಂಪು ಗುರುತು ಹಾಕಿ ರಿಜಿಸ್ಟರನ್ನು ಅವಳ ಮುಂದೆ ತಳ್ಳಿದೆ.

“ಸಹಿ ಹಾಕು. ಮುಂದಿನ ವಾರ ಇನ್ನೊಂದು ಚಾನ್ಸ್ ಐತಿ.”

ಅವಳು ಪೆನ್ನು ಮುಟ್ಟಲಿಲ್ಲ.

“ಈರಣ್ಣಾ, ಅದರಾಗ ನನ್ನ ಎದುರಿಗೆ ಯಾರನ್ನ ಕುಂದರ್ಸೀರಿ?”

“ಯಾರನ್ನೂ ಇಲ್ಲ. ಎದುರಿನವರ ಕೈಯಾಗ ಯಾವುದೇ ಎರಡು ಎಲೆ ಇರಬಹುದು ಅಂತ ಇಟ್ಟೀನಿ. ಯಾವಾಗಲೂ ಹಂಗ ಇಡೋದು.”

“ಯಾವುದೇ ಎರಡು ಎಲಿ ಹಿಡಕೊಂಡು ಎಲ್ಲಾ ಬೀಜ ತಳ್ಳೋನು ಈ ಕೋಣಿಯಾಗ ಇಲ್ಲ. ನನ್ನ ಎದುರಿಗೆ ಕುಂತಾವ ವಾಮದೇವ.”

“ಆ್ಯಪ್‌ಗೆ ವಾಮದೇವ ಗೊತ್ತಿಲ್ಲವ್ವಾ.”

“ಅದನ್ನ ನಾನೂ ಹೇಳಾಕತ್ತೀನಿ.”

ವಾಮದೇವ ನಕ್ಕ. ಅವನ ಎಲೆ ಏನಿತ್ತೆಂದು ಯಾರೋ ಕೇಳಿದರು. ಎದುರಿನವರು ಆಟ ಬಿಟ್ಟ ಮೇಲೆ ತೋರಿಸಬೇಕೆಂಬ ನಿಯಮವಿಲ್ಲ, ಅವನು ತೋರಿಸಲಿಲ್ಲ.

“ತೋರಿಸೋದು ಬ್ಯಾಡ,” ಎಂದಳು ಹುಲಿಗೆಮ್ಮ. “ಇವತ್ತು ಒಂದಿನ ಅವ ಕೈಯಾಗ ಏನೂ ಇಲ್ಲದ ಸುಳ್ಳು ಆಡಿದ್ರೂ ನಾ ಬಿಟ್ಟಿದ್ದು ಸರಿನ. ತಪ್ಪು ಮಾಡಿದ್ರ ಸಹಿ ಹಾಕ್ತಿದ್ದೆ. ಮಾಡಿಲ್ಲ. ಹಾಕಂಗಿಲ್ಲ.”

“ಹಂಗಾದ್ರ ಮೈಸೂರಿಲ್ಲ.”

ಪೆನ್ನು ತೆಗೆದುಕೊಂಡಳು. ಸಹಿಯ ಜಾಗದಲ್ಲಿ ಒಂದೇ ಪದ ಬರೆದಳು: “ತಪ್ಪಲ್ಲ.”

ನೋಟ್‌ಬುಕ್ಕನ್ನು ಮೇಜಿನ ಮೇಲಿಟ್ಟಳು. “ಆ್ಯಪ್‌ನಾಗ ಎದುರಿನವರದು ಅಂತ ಖಾಲಿ ಬಿಟ್ಟೀರಲ್ಲ, ಆ ಜಾಗದಾಗ ಇದನ್ನ ತುಂಬಿ ನೋಡ್ರಿ,” ಎಂದು ಹೊರಟುಹೋದಳು.

ನಾನು ಅದನ್ನು ತೆರೆಯಲಿಲ್ಲ. ಅಹಂಕಾರ... ಬೇರೆ ಕಾರಣವಿರಲಿಲ್ಲ.

ಮೈಸೂರಿಗೆ ಬೇರೊಬ್ಬನನ್ನು ಕರೆದೊಯ್ದೆವು. ಎರಡನೇ ಸುತ್ತಿನಲ್ಲಿ, ಒಂದು ಗಂಟೆಯಿಂದ ತೆಪ್ಪಗಿದ್ದ ಹುಡುಗಿಯೊಬ್ಬಳು ತನ್ನದೆಲ್ಲವನ್ನೂ ಮುಂದೆ ತಳ್ಳಿದಳು. “ಯಾವುದೇ ಎರಡು ಎಲೆ” ಎಂಬ ಲೆಕ್ಕ ನನ್ನ ತಲೆಯಲ್ಲಿ ಕೂತಿತ್ತು. ನಾನೂ ಎಲ್ಲವನ್ನೂ ತಳ್ಳಿದೆ... ಗಟ್ಟಿ ಎಲೆ ಅವಳ ಕೈಯಲ್ಲಿತ್ತು, ತಂಡ ಹೊರಬಿತ್ತು.

ವಾಪಸು ಬಂದ ದಿನ ನೋಟ್‌ಬುಕ್ ತೆರೆದೆ.

ಒಬ್ಬೊಬ್ಬರಿಗೂ ಒಂದೊಂದು ಪುಟ. ವಾಮದೇವನ ಪುಟದಲ್ಲಿ ಹದಿನೇಳು ಸಾಲು. ಕೊನೆಯ ಎಲೆಗೆ ಎಲ್ಲವನ್ನೂ ತಳ್ಳಿ, ಆಮೇಲೆ ಎಲೆ ತೋರಿಸಬೇಕಾಗಿ ಬಂದ ಹದಿನೇಳು ಸಲ. ಒಂದು ಸಲವೂ ಸುಳ್ಳಿಲ್ಲ, ಪ್ರತಿ ಸಲವೂ ಗಟ್ಟಿ ಎಲೆ.

ಆ್ಯಪ್‌ನಲ್ಲಿ “ಯಾವುದೇ ಎರಡು” ಅಳಿಸಿದೆ. ಅಂದು ಅವನು ಹಿಡಿದಿರಬಹುದಾದ ಎಲೆಗಳನ್ನಷ್ಟೇ ತುಂಬಿದೆ: ಎರಡು ಆಟೀನ್, ಅಥವಾ ಒಂದು ಒಂಬತ್ತು, ಅಥವಾ ಫುಲ್ ಹೌಸ್ (ಒಂದು ಬಗೆಯ ಮೂರು, ಇನ್ನೊಂದರ ಎರಡು) ಆಗುವ ಜೋಡಿ; ಎಲ್ಲವೂ ಎಕ್ಕದ ಜೋಡಿಯನ್ನು ಸೋಲಿಸುವಂಥವು. ಧಾರಾಳವಾಗಿ, ಅವಳಿಗೆ ಸೋಲುವ ಎಕ್ಕ-ರಾಜನನ್ನೂ ಸೇರಿಸಿದೆ.

ಎಂಬತ್ತಾರು ಇದ್ದದ್ದು ನಾಲ್ಕಾಯಿತು.

ಅದೇ ಆ್ಯಪ್. ಅದೇ ಎರಡು ಎಕ್ಕ. ಕಣ್ಣು ಮಂಜಾಯಿತು... ಅವಳ ಮೇಲಿನ ಕನಿಕರಕ್ಕಲ್ಲ, ನನ್ನ ಮೇಲಿನ ನಾಚಿಕೆಗೆ.

ರಿಜಿಸ್ಟರ್, ನೋಟ್‌ಬುಕ್ ಎರಡನ್ನೂ ಹಿಡಿದುಕೊಂಡು ಅವಳನ್ನು ಹುಡುಕಿದೆ. ಲೈಬ್ರರಿಯಲ್ಲೇ ಓದುತ್ತಾ ಕೂತಿದ್ದಳು.

“ಹುಲಿಗೆಮ್ಮಾ, ನಂದ ತಪ್ಪಾತು. ಮನಸಿಗೆ ಹಚ್ಕೋಬ್ಯಾಡ.”

ಪುಸ್ತಕದಿಂದ ತಲೆ ಎತ್ತಿದಳು. ಅಳಲಿಲ್ಲ. ಪರವಾಗಿಲ್ಲ ಎಂದೂ ಅನ್ನಲಿಲ್ಲ.

“ಬಾಯಾಗ ಹೇಳಿದ್ರ ನಡೆಯಂಗಿಲ್ಲ. ನಿಯಮ ನಿಮ್ದ ಐತಿ.”

ರಿಜಿಸ್ಟರ್ ತಿರುಗಿಸಿ, “ತಪ್ಪಲ್ಲ” ಎಂದು ಬರೆದಿದ್ದರ ಕೆಳಗೆ ಬೆರಳಿಟ್ಟು ತೋರಿಸಿದಳು.

“ಇಲ್ಲಿ.”

ಬರೆದೆ... “ನನ್ನದು ತಪ್ಪು.” ಸಹಿ ಹಾಕಿದೆ.

ಅವಳು ಒಮ್ಮೆ ಓದಿಕೊಂಡು, ತನ್ನ ನೋಟ್‌ಬುಕ್ ಎತ್ತಿಕೊಂಡು ಹೋದಳು.

ಆ್ಯಪ್ ಲೆಕ್ಕ ತಪ್ಪುವುದಿಲ್ಲ. ಎದುರಿಗೆ ಕೂತವರನ್ನು ನೋಡದೆ ಲೆಕ್ಕ ಕೇಳುವವನು ತಪ್ಪುತ್ತಾನೆ.

ನೀವು ಯಾರಿಗಾದರೂ ಕೆಂಪು ಗುರುತು ಹಾಕುವ ಮೊದಲು... ನೀವೇ ಖಾಲಿ ಬಿಟ್ಟ ಜಾಗ ಯಾವುದೆಂದು ನೋಡಿದ್ದೀರಾ?

ಆ ಆಟ ಬಿಟ್ಟಿದ್ದಕ್ಕೆ ಹುಲಿಗೆಮ್ಮ ಕಳೆದುಕೊಂಡದ್ದು ಹದಿನಾಲ್ಕು ಹುಣಸೆ ಬೀಜ.

ಸಹಿ ಹಾಕದ್ದಕ್ಕೆ, ಒಂದು ಮೈಸೂರು.

ನಾವು ಕಳೆದುಕೊಂಡದ್ದು ಎರಡು: ಒಂದು ಸ್ಪರ್ಧೆ, ಮತ್ತು ಹುಲಿಗೆಮ್ಮ. ಮುಂದಿನ ಭಾನುವಾರದಿಂದ ಅವಳು ಕ್ಲಬ್ಬಿಗೆ ಬರಲಿಲ್ಲ.