ಮುಟ್ಟಿದ ಕೈ

"ಮುಟ್ಬೇಡ!" ಎಂದು ಬೇಲಿಯಾಚೆ ನಿಂತವಳತ್ತ ಅರಚುತ್ತ ಗ್ವೆನೋಲ ನಜ್ಜುಗುಜ್ಜಾದ ತನ್ನ ಕಾರಿನ ಹಿಂಚಕ್ರಕ್ಕೆ ಸ್ಪ್ಯಾನರಿನಿಂದ ಬಡಿಯುತ್ತಲೇ ಇದ್ದ. ಲ ಮಾನ್‌ನ ಇಪ್ಪತ್ನಾಲ್ಕು ಗಂಟೆಯ ಕಾರು ಓಟದಲ್ಲಿ ಉಳಿದದ್ದು ಇನ್ನೊಂದೇ ಗಂಟೆ. ದಾರಿಯಲ್ಲಿ ಕೆಟ್ಟ ಕಾರನ್ನು ಚಾಲಕನೇ ಸರಿಪಡಿಸಬೇಕು. ಬೇರೆಯವರ ಕೈ ತಗುಲಿದರೆ ಓಟ ಅಲ್ಲಿಗೆ ಮುಗಿಯಿತು.

ಆ ಕಾರನ್ನು ರೂಪಿಸಿದ ಎಂಜಿನಿಯರ್ ಸೊಲೆನ್‌ಗೆ ಬೇಲಿಯಾಚೆಯಿಂದಲೇ ಕಂಡಿತು: ಕಾದ ಹೊಗೆಕೊಳವೆಯ ಮೇಲೆ ಪೆಟ್ರೋಲು ತೊಟ್ಟಿಕ್ಕುತ್ತಿತ್ತು.

"ಲೋ, ಸುಟ್ಟು ಸಾಯ್ತೀಯ, ಬಾರೋ ಈಚೆ!"

"ಆರು ವರ್ಷ ಕೂತು ಕಟ್ಟಿದೀಯ ಇದನ್ನ. ಮೂರನೇ ಸ್ಥಾನದಲ್ಲಿದೀವಿ. ಬಾಯ್ಮುಚ್ಚು!"

ಅವಳು ಬೇಲಿ ಹಾರಿದಳು. ಅವನು ಬೀಸಿದ ಸ್ಪ್ಯಾನರಿಗೆ ಅವಳ ಮಣಿಕಟ್ಟಿನ ಮೂಳೆ ಲಟಕ್ಕನೆ ಮುರಿಯಿತು. ಅವನನ್ನು ಎಳೆದೊಯ್ಯುವ ಶಕ್ತಿ ಅವಳಲ್ಲಿರಲಿಲ್ಲ. ಇನ್ನೊಂದು ಅಂಗೈಯನ್ನು, ಬೇಲಿಯ ಬಳಿ ನಿಂತಿದ್ದ ಓಟದ ಅಧಿಕಾರಿಗೆ ಕಾಣುವಂತೆ, ಕಾರಿನ ಕಾದ ಬೆನ್ನ ಮೇಲೆ ಊರಿದಳು. ಚರ್ಮ ಚುರ್ರೆಂದಿತು.

"ಮುಟ್ಟಿದೀನಿ. ಓಟ ಮುಗೀತು. ಈಗಾದ್ರೂ ಬಾ."

ಸ್ಪ್ಯಾನರು ಅವನ ಕೈಯಿಂದ ಜಾರಿತು. ಇಬ್ಬರೂ ಬೇಲಿ ದಾಟುವಷ್ಟರಲ್ಲಿ ಹಿಂದೆ ಕಾರು ಭಗ್ಗೆಂದು ಹೊತ್ತಿಕೊಂಡಿತು.