ಬುದ್ಧಿಯಿಲ್ಲದ ಬಗ್ಗಿ

ಕಾರುಗಳು ಮನುಷ್ಯರಿಗಿಂತ ಬುದ್ಧಿವಂತವಾದ ಮೇಲೆ ಗುರುಸಿದ್ದಪ್ಪನ ಮನೆದೇವರು ಗುಡ್ಡದ ಬಸವಣ್ಣ ಇಲ್ಲವಾದ. ಗುಡ್ಡದ ಮೇಲೆ ಇದ್ದಲ್ಲೇ ಇದ್ದ. ಕಾರಿನ ನಕ್ಷೆಯಲ್ಲಿ ಮಾತ್ರ ಇರಲಿಲ್ಲ. ಪ್ರತಿ ಸೋಮವಾರ ಕಾರು, "ಅಂಥ ಸ್ಥಳವೇ ಇಲ್ಲ" ಎಂದು ವಿನಯದಿಂದ ಹೇಳಿ ಗಂಡಹೆಂಡಿರನ್ನು ಮಾಲ್ ಎದುರು ಇಳಿಸುತ್ತಿತ್ತು.

ರೋಸಿಹೋದ ಗುರುಸಿದ್ದಪ್ಪ ಕಾರನ್ನು ಗ್ಯಾರೇಜಿನಿಂದ ಹೊರಹಾಕಿ, ಎರಡು ವರ್ಷ ಪೈಪು ಬೆಸೆದು, ಹೊಲ ಉಳುವ ಹಳೇ ಟಿಲ್ಲರಿನ ಇಂಜಿನ್ನು ಕೂರಿಸಿ, ಕಲ್ಲುಮುಳ್ಳಿಗೆ ಹೆದರದ ತೆರೆದ ಗಾಡಿ, ಬಗ್ಗಿಯೊಂದನ್ನು ಕಟ್ಟಿದ. ಅದಕ್ಕೆ ಬುದ್ಧಿಯೇ ಇರಲಿಲ್ಲ. ಅದೇ ಅದರ ಹೆಚ್ಚುಗಾರಿಕೆ.

ಹೆಂಡತಿ ಕಮಲವ್ವ ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟಳು. "ಕಾರು ನಿಂಬಿಹಣ್ಣು ಕಂಡ್ರ, ದಾರ್ಯಾಗ ಅಡ್ಡ ಐತಿ ಅಂತ ನಿಂತ ಬಿಡತಿತ್ತು. ಇದೇನ್ ಮಾಡತೈತೋ ನೋಡೂಣು."

ಬಗ್ಗಿ ನಾಲ್ಕನ್ನೂ ಅಪ್ಪಚ್ಚಿ ಮಾಡಿ, ರಸ್ತೆ ಬಿಟ್ಟು ಹೊಲಕ್ಕಿಳಿಯಿತು.

ಬಸವಣ್ಣನಿಗೆ ಕಾಯಿ ಒಡೆಸಿ ಸಂಜೆ ಮರಳಿದರೆ, ಕಾರಿನಷ್ಟೇ ಬುದ್ಧಿವಂತ ಮನೆ ಬಾಗಿಲು ತೆರೆಯಲಿಲ್ಲ. ಹೊಟ್ಟೆಕಿಚ್ಚಿನ ಕಾರು ಅದಕ್ಕೆ ವರದಿ ಕೊಟ್ಟಾಗಿತ್ತು: ಇಲ್ಲದ ಸ್ಥಳಕ್ಕೆ ಹೋದವರು ಇನ್ನಿಲ್ಲ. ಕಿಟಕಿಯಲ್ಲಿ ಇಣುಕಿದರೆ, ಮನೆ ತಾನೇ ಇಬ್ಬರ ಫೋಟೋಗೂ ಗಂಧದ ಹಾರ ತರಿಸಿ ಹಾಕಿ, ದೀಪ ಹಚ್ಚಿತ್ತು.

"ನಂದು ಫೋಟೋ ಚಲೋದನ್ನ ಹುಡುಕಿ ಹಾಕೇತಿ," ಎಂದು ಕಮಲವ್ವ ಮತ್ತೆ ಬಗ್ಗಿ ಹತ್ತಿ ಕೂತಳು. "ನಡೀರಿ ಗುಡ್ಡಕ್ಕ. ಬಸವಣ್ಣಗ ಬಾಗಿಲಾ ಇಲ್ಲ."