ಕಡಲಕ್ಕಿಗೆ ನೀರು

ಒದ್ದೆ ಪುಕ್ಕದ ಮೀನುವಾಸನೆ ಬಂದರೆ ಈಗಲೂ ನನಗೆ ನಮ್ಮೂರು ಜನವಾಡದ ಆ ಮಧ್ಯಾಹ್ನ ನೆನಪಾಗುತ್ತದೆ. ಪುಟ್ಟ ಕಡಲಕ್ಕಿಯ ಕುಲವನ್ನು ಪಕ್ಷಿಶಾಸ್ತ್ರದ ಪಂಡಿತರು ಮತ್ತೆ ಬದಲಿಸಿದ್ದಾರೆಂದು ಮೊಮ್ಮಗಳು ಪೇಪರಿನಲ್ಲಿ ಓದಿ ಹೇಳಿದಾಗಲೂ ಅದೇ ವಾಸನೆ ಬಂದಂತಾಯಿತು.

ನಲವತ್ತೆಂಟರ ಪೊಲೀಸ್ ಆ್ಯಕ್ಷನ್ ಮುಗಿದು ಚಳಿ ಶುರುವಾಗಿತ್ತು; ಮುಸಲ್ಮಾನರನ್ನು ಹುಡುಕಿ ಕೊಲ್ಲುವುದು ಇನ್ನೂ ನಿಂತಿರಲಿಲ್ಲ. ಪಕ್ಕದ ಮನೆಯ ಚಾಂದ್‌ಬೀ ಖಾಲಾಳನ್ನು ಅವ್ವ ನಮ್ಮಲ್ಲಿ ಇಟ್ಟುಕೊಂಡಿದ್ದಳು. ತನ್ನ ಸೀರೆ ಉಡಿಸಿ, ಹಣೆಗೆ ವಿಭೂತಿ ಹಚ್ಚಿ, "ಯಾರೇ ಬಂದ್ರೂ ಬಾಯಿ ಬಿಡಬ್ಯಾಡ" ಎಂದಿದ್ದಳು. ಕೇಳಿದವರಿಗೆ ಆಕೆ ಭಾಲ್ಕಿಯಿಂದ ಬಂದ ಮೂಕ ಚಿಗವ್ವ.

ಕೆರೆಯ ಕಡೆಯಿಂದ ಬಂದು ಅಂಗಳದಲ್ಲಿ ಬಿದ್ದ ಬಿಳಿ ಹಕ್ಕಿಯ ಸುತ್ತ, ಖಾಲಾಳೂ ಸೇರಿ, ಎಲ್ಲರೂ ಕೂತಿದ್ದೆವು. ಕೆಂಪು ಕಾಲು, ಕಣ್ಣ ಹಿಂದೆ ಕರಿ ಬೊಟ್ಟು.

"ಬೆರಳಿನ ನಡುವ ಚರ್ಮ ಅದ, ಬಾತುಕೋಳಿ ಜಾತೀದು" ಅಂದ ಅಜ್ಜ.

"ಪಾರಿವಾಳ ಇದ್ದಂಗ ಅದರಿ, ಮಾವಾ" ಅಂದಳು ಅವ್ವ.

ಆಗಲೇ ಕೋಲು ಹಿಡಿದ ಕೆಲವರು ಒಳಗೆ ಬಂದರು. ಎಲ್ಲರ ಮುಖ ನೋಡಿದರು. ಅಜ್ಜನ ಕೊರಳ ಲಿಂಗ ನೋಡಿ ಮೆತ್ತಗಾದರು. ಒಬ್ಬ ಹಕ್ಕಿಯ ಕಡೆ ಬಗ್ಗಿ, "ಇದು ಯಾವ ಜಾತೀದು, ಅಜ್ಜಾ?" ಎಂದು ಕೇಳಿದ.

"ತಿಳೀವಲ್ದು, ತಮ್ಮಾ."

ಹಕ್ಕಿ ಬಾಯಿ ತೆರೆಯಿತು. ಖಾಲಾ ಸೆರಗಿನ ತುದಿಯನ್ನು ನೀರಲ್ಲಿ ಅದ್ದಿ ಅದರ ಕೊಕ್ಕಿಗೆ ಹಿಂಡಿದಳು. ಯಾರಿಗೆ ನೀರು ಕೊಡುವಾಗಲೂ ಅನ್ನುವಂತೆ, ಮೆಲ್ಲಗೆ, "ಬಿಸ್ಮಿಲ್ಲಾ" ಅಂದಳು.

ಬಗ್ಗಿದವನು ತಲೆ ಎತ್ತಿದ. ಅವ್ವ ಖಾಲಾಳ ಕೈ ಹಿಡಿದುಕೊಂಡಳು. ಅಜ್ಜ ತನ್ನ ಕೊರಳ ಲಿಂಗವನ್ನು ಮುಟ್ಟಿಕೊಂಡ.

ಅವರು ಆಕೆಯನ್ನು ಎಳೆದುಕೊಂಡು ಹೋದ ಮೇಲೂ ಹಕ್ಕಿ ಬಾಯಿ ತೆರೆದೇ ಇತ್ತು, ಇನ್ನಷ್ಟು ನೀರಿಗೆ.